ಮೂರನೆಯ ನಳಿಗೆಯ ಸಾಯಾ

ದೀಪಾವಳಿ ಕಳೆದು ಪಟಾಕಿಯ ಕಾಗದಗಳು ಇನ್ನೂ ಮೋರಿಗಳಲ್ಲಿ ನೆನೆಯುತ್ತಿದ್ದ ಕಾಲ. ಬೆಳಗಿನ ಬಿಸಿಲು ನಮ್ಮ ಅಂಗಡಿಯ ಮೂಡಣ ಕಿಟಕಿಗೆ ಬಂದು ನಿಲ್ಲುವ ಹೊತ್ತು. ಖಾದರ್ ಚಾಚಾ ಬಂದೂಕಿನ ನಳಿಗೆ ನೋಡುವ ಹೊತ್ತು ಅದು, ಯಾರೂ ಮಾತಾಡುತ್ತಿರಲಿಲ್ಲ. ಆಗಲೇ ನಾಣಿಯವರು ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಹಳೇ ಜಮಖಾನೆಯಲ್ಲಿ ಸುತ್ತಿದ ಉದ್ದನೆಯ ಗಂಟು. ಅರವತ್ತೇಳನೇ ಇಸವಿ.

ನಮ್ಮದು ಶಿವಾಜಿನಗರದ ಬಂದೂಕು ರಿಪೇರಿ ಅಂಗಡಿ. ಯಜಮಾನ ಸನಾವುಲ್ಲಾ. ಉಕ್ಕಿನ ಕೆಲಸ ಅವನದು, ಮರದ ಕೆಲಸ ನನ್ನದು. ಬಂದೂಕಿನ ಹಿಂದೆ ಭುಜಕ್ಕೆ ಒರಗುವ ಮರವನ್ನು ಅವರ ಉರ್ದುವಿನಲ್ಲಿ ಕುಂದಾ ಅನ್ನುತ್ತಾರೆ. ಹೊರಮಾವಿನಿಂದ ದಿನಾ ಸೈಕಲ್ಲು ತುಳಿದು ಬಂದು ನಾನು ಕುಂದಾ ಕೆತ್ತುತ್ತಿದ್ದೆ. ಖಾದರ್ ಚಾಚಾ ಸನಾವುಲ್ಲಾನ ಚಿಕ್ಕಪ್ಪ. ವಯಸ್ಸಾಗಿತ್ತು, ಕೈ ನಡುಗುತ್ತಿತ್ತು, ಆದರೆ ನಳಿಗೆ ಹಿಡಿದರೆ ನಡುಕ ನಿಲ್ಲುತ್ತಿತ್ತು. ಅವರಿಗೆ ಉಳಿದಿದ್ದ ಕೆಲಸ ಒಂದೇ, ನಳಿಗೆ ನೆಟ್ಟಗಿದೆಯೋ ಇಲ್ಲವೋ ನೋಡುವುದು.

ಕಿಟಕಿಗೆ ಅಡ್ಡಲಾಗಿ ಒಂದು ಕಪ್ಪು ದಾರ ಕಟ್ಟಿದ್ದರು. ನಳಿಗೆಯ ಒಂದು ಬಾಯಿಗೆ ಕಣ್ಣಿಟ್ಟು ಇನ್ನೊಂದು ಬಾಯನ್ನು ಆ ದಾರದ ಕಡೆ ತಿರುಗಿಸಿದರೆ, ಒಳಗಿನ ಹೊಳಪಿನ ಮೇಲೆ ದಾರದ ನೆರಳು ಗೆರೆಯಂತೆ ಬೀಳುತ್ತದೆ. ಗೆರೆ ನೆಟ್ಟಗಿದ್ದರೆ ನಳಿಗೆ ನೆಟ್ಟಗಿದೆ. ಗೆರೆ ಎಲ್ಲಾದರೂ ಸೊಂಟ ತಿರುಗಿಸಿದರೆ ಅಲ್ಲಿ ಡೊಂಕಿದೆ. ನೆರಳಿಗೆ ಅವರ ಮಾತಿನಲ್ಲಿ ಸಾಯಾ. ಡೊಂಕು ಕಂಡರೆ ಚಾಚಾ ‘ಸಾಯಾ ಹೈ’ ಅನ್ನುವರು, ನಳಿಗೆಯನ್ನು ಮರದ ದಿಮ್ಮಿಯ ಮೇಲಿಟ್ಟು ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವರು, ಮತ್ತೆ ನೋಡುವರು, ಮತ್ತೆ ತಟ್ಟುವರು. ನೆರಳು ತೆಗೆಯುವುದು ನಮ್ಮಲ್ಲಿ ಕೆಲಸ ಅಂತಲೇ ಲೆಕ್ಕವಿರಲಿಲ್ಲ. ಅನ್ನ ಮಾಡು ಅಂದರೆ ಅಕ್ಕಿ ತೊಳೆ ಅಂತ ಬೇರೆ ಹೇಳಬೇಕೇ? ಹಾಗೆ.

ನಾಣಿಯವರು ಈಗ ಇಂದಿರಾನಗರ ಅನ್ನುವ ಕಡೆ ಇದ್ದವರು. ಕಾರ್ಖಾನೆಯಲ್ಲಿ ತಯಾರಾದ ಸಾಮಾನು ಅಳತೆಗೆ ಸರಿಯಿದೆಯೇ ನೋಡಿ ಮುದ್ರೆ ಒತ್ತುವ ಕೆಲಸ. ತೆಳ್ಳಗಿನ ಮನುಷ್ಯ, ಕೂದಲು ಬೇಗ ನರೆತಿತ್ತು. ಜಮಖಾನೆ ಬಿಚ್ಚಿ ಮೂರು ನಳಿಗೆಗಳನ್ನು ಸಾಲಾಗಿ ಇಟ್ಟರು. ಎರಡು ಹೊಳೆಯುತ್ತಿದ್ದವು. ಮೂರನೆಯದು ಹಳೆಯದು, ಮೇಲೆ ಕಂದು ಕಲೆ.

“ಒಂದೇ ಮೈ, ಮೂರು ನಳಿಗೆ,” ಅಂದರು. “ಒಂದೊಂದೇ ಗುಂಡು ಹಾಕಿ ಹೊಡೆಯೋ ರೈಫಲ್ಲು. ಕುಂದಾ ಒಂದೇ, ಬೆರಳಲ್ಲಿ ಎಳೆಯೋ ಕುದುರೆ ಒಂದೇ. ನಳಿಗೆ ಮಾತ್ರ ಬಿಚ್ಚಿ ಬೇರೆ ಹಾಕೋ ಹಾಗಿರ್ಬೇಕು. ಯಾವ್ದು ಹಾಕಿದ್ರೂ ಒಂದೇ ಥರ ಕೂತ್ಕೋಬೇಕು. ಕೂದಲೆಳೆ ವ್ಯತ್ಯಾಸ ಇರಬಾರ್ದು.”

ಸನಾವುಲ್ಲಾ ತಲೆ ಕೆರೆದ. “ಸಾಮಿ, ಒಬ್ಬನಿಗೆ ಮೂರು ಹೆಂಡ್ತೀರು. ಮೂರೂ ಜಗಳ ಇಲ್ದೆ ಇರ್ಬೇಕು ಅಂತೀರಿ.”

ನಾಣಿಯವರು ನಗಲಿಲ್ಲ. ಲೈಸೆನ್ಸಿನ ಕಾಗದ ತೋರಿಸಿ, ಹಳೇ ನಳಿಗೆಯ ಮೇಲೆ ಬೆರಳಿಟ್ಟು, “ಇದಕ್ಕೆ ಮಾತ್ರ ಏನೂ ಮಾಡ್ಬೇಡಿ. ಹೇಗಿದ್ಯೋ ಹಾಗೇ ಇರ್ಲಿ,” ಅಂದರು.

“ಆಯ್ತು ಸಾಮಿ, ಮುಟ್ಟಲ್ಲ,” ಅಂದ ಸನಾವುಲ್ಲಾ.

ಅವನಿಗೆ ಅರ್ಥವಾದದ್ದು ಇಷ್ಟು: ಬಣ್ಣ ಹಾಕುವುದು ಬೇಡ, ಉಜ್ಜುವುದು ಬೇಡ, ಕಂದು ಕಲೆ ಇದ್ದಂತೆಯೇ ಇರಲಿ. ಹಳೇ ಸಾಮಾನಿನ ಮೇಲೆ ಪ್ರೀತಿ ಇರುವವರು ಹೀಗೆ ಹೇಳುವುದುಂಟು. ನನಗೂ ಹಾಗೇ ಅರ್ಥವಾಯಿತು.

ಕೆಲಸ ಶುರುವಾಯಿತು. ಅಂಥ ಬಂದೂಕು ನಾವು ಅದುವರೆಗೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಕೆಳಗಿನ ಹಿಡಿ ಎಳೆದರೆ ಹಿಂಬದಿಯ ಉಕ್ಕಿನ ಗಟ್ಟಿ ತುಂಡು ಬಾವಿಯ ಬಿಂದಿಗೆಯಂತೆ ಕೆಳಗಿಳಿಯಬೇಕು, ಗುಂಡು ಕೂರಿಸಿ ಹಿಡಿ ಒತ್ತಿದರೆ ಮೇಲೆ ಬಂದು ಬಾಯಿ ಮುಚ್ಚಬೇಕು. ಆ ತುಂಡಿಗೂ ನಳಿಗೆಯ ಬುಡಕ್ಕೂ ನಡುವೆ ಬೆಳಕು ಕಾಣಬಾರದು, ಆದರೆ ಒತ್ತಾಟವೂ ಇರಬಾರದು. ಒಂದು ನಳಿಗೆಗೆ ಹಾಗೆ ಕೂರಿಸುವುದೇ ಕಷ್ಟ. ಮೂರಕ್ಕೂ ಕೂರಿಸಲು ಸನಾವುಲ್ಲಾ ಉಕ್ಕು ಉಜ್ಜುವ ಅರವನ್ನು ನಾಲಿಗೆಯ ಹಾಗೆ ಆಡಿಸಿದ. ಚಿಮಣಿ ದೀಪದ ಕಪ್ಪನ್ನು ಉಕ್ಕಿಗೆ ಬಳಿದು, ಜೋಡಿಸಿ, ಬಿಚ್ಚಿ, ಕಪ್ಪು ಎಲ್ಲಿ ಅಂಟಿತೋ ಅಲ್ಲಿ ಮಾತ್ರ ಉಜ್ಜುವುದು. ನನ್ನದೂ ಅದೇ ದಾರಿ. ಅಕ್ರೋಟ್ ಮರದಲ್ಲಿ ಕಪ್ಪು ಅಂಟಿದ ಕಡೆ ಉಳಿಯಿಂದ ಪುಡಿ ತೆಗೆಯುವುದು.

“ಏನೋ ಮುನಿರಾಜು, ನೀನು ಈ ಮರ ಕೆತ್ತೋದ್ರೊಳಗೆ ನನ್ ಮಗನ ಮದುವೆ ಆಗೋಗುತ್ತೆ,” ಅನ್ನುತ್ತಿದ್ದ ಸನಾವುಲ್ಲಾ.

“ನಿಂಗೇ ಮದುವೆ ಆಗಿಲ್ಲ, ಮಗ ಎಲ್ಲಿಂದ ಬಂದ?” ಅಂದರೆ ನಕ್ಕು ಮತ್ತೆ ಅರ ಹಿಡಿಯುತ್ತಿದ್ದ.

ಹಳೇ ನಳಿಗೆಯ ಸುದ್ದಿ ಬೇರೆ. ನಳಿಗೆಯಲ್ಲಿ ಬಿರುಕಿದೆಯೇ ಎಂದು ತಿಳಿಯಲು ದಾರದಲ್ಲಿ ನೇತುಹಾಕಿ ಬೆರಳಿನ ಗೆಣ್ಣಿಂದ ತಟ್ಟುತ್ತಾರೆ. ಒಳ್ಳೆಯದು ಗಂಟೆಯ ಹಾಗೆ ನುಡಿಯುತ್ತದೆ. ಮೂರೂ ನುಡಿದವು. ಆದರೆ ಮೂರನೆಯದು ನಿಲ್ಲಲೊಲ್ಲದು. ಕೈ ತೆಗೆದ ಮೇಲೂ, ನಾವು ಬೇರೆ ಮಾತಿಗೆ ಹೋದ ಮೇಲೂ, ಒಳಗೆ ಯಾರೋ ಬಾಯಿ ಮುಚ್ಚಿಕೊಂಡು ಹಾಡುವ ಹಾಗೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಬೀದಿಯಲ್ಲಿ ಗಾಳಿ ಎದ್ದರೆ ಯಾರೂ ತಟ್ಟದೆಯೂ ಅನ್ನುತ್ತಿತ್ತು. ಸನಾವುಲ್ಲಾ ಅದರ ಬಾಯಿಗೆ ಬಟ್ಟೆ ತುರುಕಿದ.

ಕುಂದಾ ಅಳತೆಗೆ ನಾಣಿಯವರನ್ನು ಕರೆಸಿದೆ. ಕುಂದಾ ಅನ್ನುವುದು ಅಂಗಿಯ ಹಾಗೆ, ಒಬ್ಬರದು ಇನ್ನೊಬ್ಬರಿಗೆ ಆಗದು. ಅಳತೆ ನೋಡುವ ರೀತಿ ಒಂದಿದೆ. ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕೆ ಎತ್ತಬೇಕು. ಕೆನ್ನೆ ಮರಕ್ಕೆ ತಾಗಿದ ಮೇಲೆ ಕಣ್ಣು ಬಿಟ್ಟರೆ ನೋಟ ನೇರ ನಳಿಗೆಯ ತುದಿಯ ಗುರಿಮೂತಿಯ ಮೇಲೆ ಇರಬೇಕು. ಇಲ್ಲದಿದ್ದರೆ ಮರ ತಪ್ಪು.

“ಕಣ್ಣು ಮುಚ್ಕೊಳಿ ಸಾಮಿ,” ಅಂದೆ.

“ಆಗಲ್ಲ.”

“ಒಂದೇ ಗಳಿಗೆ.”

“ಆಗಲ್ಲ ಮುನಿರಾಜಪ್ಪ. ಬಂದೂಕು ಕೈಯಲ್ಲಿಟ್ಕೊಂಡು ಕಣ್ಮುಚ್ಚಿದ್ರೆ ಕಿಟ್ಟು ನಿಂತಿರ್ತಾನೆ.”

ಕಿಟ್ಟು ಅವರ ಅಣ್ಣ. ಆರು ವರ್ಷದ ಹಿಂದೆ ಅಣ್ಣತಮ್ಮಂದಿರು ನಮ್ಮ ಹೊರಮಾವಿನ ಆಚೆಯ ಕಲ್ಲುಕ್ವಾರಿಗೆ ಗುರಿ ಅಭ್ಯಾಸಕ್ಕೆ ಹೋಗಿದ್ದರು. ನಾಣಿಯವರು ಹೊಡೆಯುವುದು, ಕಿಟ್ಟು ಗುರಿಹಲಗೆಯ ಎಡಕ್ಕಿದ್ದ ಬಂಡೆಯ ಮರೆಯಲ್ಲಿ ಕೂತು, ಗುಂಡು ಎಲ್ಲಿ ಬಿತ್ತೆಂದು ಬಿಳೀ ಕರ್ಚೀಫು ಆಡಿಸಿ ತೋರಿಸುವುದು. ಆ ದಿನದ ಮೊದಲ ಗುಂಡು ಹಲಗೆಗೆ ಬೀಳಲಿಲ್ಲ. ಎಡಕ್ಕೆ ಹೋಯಿತು. ಕಿಟ್ಟು ತಲೆ ಹೊರಗೆ ಚಾಚಿದ್ದರು.

ಪೋಲೀಸರು ಆಕಸ್ಮಿಕ ಅಂದರು, ಎಲ್ಲರೂ ಆಕಸ್ಮಿಕ ಅಂದರು. ಕಿಟ್ಟು ಹೆಂಡತಿ ರಮಾಮಣಿಯಮ್ಮ ಮಾತ್ರ ಇನ್ಸ್‌ಪೆಕ್ಟರ ಮುಂದೆ, “ನಮ್ಮ ನಾಣಿ ಗುರಿ ತಪ್ಪೋನಲ್ಲ,” ಅಂದುಬಿಟ್ಟರಂತೆ. ಆಮೇಲೆ ಆ ಮಾತು ಎತ್ತಲಿಲ್ಲ. ಒಂದೇ ಮನೆಯಲ್ಲಿ ಅತ್ತಿಗೆ ಬಡಿಸುವುದು, ಮೈದುನ ಉಣ್ಣುವುದು. ಆರು ವರ್ಷ.

“ಆವತ್ತಿನ ಬಂದೂಕಿನ ಮರನ ಒಲೆಗೆ ಹಾಕ್ದೆ,” ಅಂದರು ನಾಣಿಯವರು. “ಈ ಹಳೇ ನಳಿಗೆ ಹಾಕೋಕೆ ಆಗ್ಲಿಲ್ಲ. ಉಕ್ಕು ಸುಡುತ್ಯೇ?”

ನಾನು ಕಣ್ಣು ತೆರೆದೇ ಅಳತೆ ತೆಗೆದೆ. ಮತ್ತೆ ಮತ್ತೆ ಎತ್ತಿಸಿದೆ. ಮೈಗೆ ಎಡಬಲದ ವಾಲು ಇರಲಿಲ್ಲ. ಇಷ್ಟು ನಿಶ್ಚಲವಾಗಿ ನಿಲ್ಲುವ ಮೈಗೆ ನಾನು ಅದುವರೆಗೆ ಮರ ಕೆತ್ತಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಬಂದೂಕು ಮುಗಿಯಿತು. ನಳಿಗೆ ಬಿಚ್ಚಿ ಇನ್ನೊಂದು ಹಾಕಿದರೆ ಟಕ್ ಅಂತ ಒಂದೇ ಸದ್ದು, ಮೂರಕ್ಕೂ ಅದೇ ಸದ್ದು. ನಾಣಿಯವರು ಅಳತೆಯ ಸಾಮಾನುಗಳನ್ನು ಜೇಬಿನಿಂದ ತೆಗೆದು ಎಲ್ಲ ಕಡೆ ನೋಡಿದರು. ಮುದ್ರೆ ಒತ್ತುವವರ ಹಾಗೆ ತಲೆದೂಗಿದರು.

ಮೂಲೆಯಲ್ಲಿ ಕೂತಿದ್ದ ಖಾದರ್ ಚಾಚಾ ಹಳೇ ನಳಿಗೆಯ ಕಡೆ ಕೈ ತೋರಿಸಿ ಖುಷಿಯಿಂದ ಅಂದರು: “ಉಸ್ಮೆ ಸಾಯಾ ಥಾ ಸಾಬ್. ಪೂರಾ ನಿಕಾಲ್ ದಿಯಾ ಮೈ.” ಅದರಲ್ಲಿ ಸಾಯಾ ಇತ್ತು, ಪೂರ್ತಿ ತೆಗೆದುಬಿಟ್ಟೆ ಅಂತ.

ಕಂಟೋನ್ಮೆಂಟಿನ ಪಕ್ಕದಲ್ಲೇ ಬೆಳೆದ ನಾಣಿಯವರಿಗೆ ಆ ಮಾತು ಅರ್ಧಂಬರ್ಧ ಬರುತ್ತಿತ್ತು. ಸಾಯಾ ಅಂದರೆ ನೆರಳು ಅಂತಲೂ ಹೌದು, ದೆವ್ವ ಮೆಟ್ಟಿಕೊಳ್ಳುವುದು ಅಂತಲೂ ಹೌದು. ಹೆಂಗಸರು ಮಕ್ಕಳನ್ನು ದರ್ಗಾಕ್ಕೆ ಕರೆತಂದು ‘ಸಾಯಾ ಹೈ’ ಅಂದು ತಾಯತ ಕಟ್ಟಿಸುವುದನ್ನು ಅವರು ನೋಡಿದ್ದರು. ಅವರ ಮುಖ ಬಿಳುಪಾಯಿತು. ಚಾಚಾನ ಕೈ ಹಿಡಿದು, “ಅವನಿದ್ನಾ? ನಿಮಗೆ ಕಾಣಿಸಿದ್ನಾ?” ಅಂದರು. ಚಾಚಾಗೆ ಕನ್ನಡ ಸರಿಯಾಗಿ ತಿಳಿಯದು. “ಹೌ ಸಾಬ್, ದಿಖಾ,” ಹೌದು, ಕಂಡಿತು ಅಂದು ನಕ್ಕರು. ನಾಣಿಯವರು ತಲೆ ತಗ್ಗಿಸಿ ನಮಸ್ಕಾರ ಮಾಡಿದರು. ಬಡ ಮುದುಕನ ಕೆಲಸ ಮೆಚ್ಚಿದರೆಂದು ಆಗ ನಾನು ತಿಳಿದೆ.

ಮುಂದಿನ ಭಾನುವಾರ ಬೆಳಗ್ಗೆ ಕ್ವಾರಿಗೆ ಹೋದೆವು. ನಾಣಿಯವರು, ನಳಿಗೆ ಬದಲಿಸಲು ಸನಾವುಲ್ಲಾ, ದಾರಿ ಗೊತ್ತಿದ್ದ ನಾನು. ರಮಾಮಣಿಯಮ್ಮನೂ ಬಂದಿದ್ದರು. ಬರಬೇಡಿ ಅಂದರೂ ಕೇಳಲಿಲ್ಲವಂತೆ. ಹೊಂಗೆಮರದ ಕೆಳಗೆ ಸೆರಗು ಹೊದ್ದು ಕೂತರು. ಕ್ವಾರಿಯಲ್ಲಿ ನಾವಲ್ಲದೆ ಯಾರೂ ಇರಲಿಲ್ಲ. ಹಲಗೆ ನಿಲ್ಲಿಸಿದ ಜಾಗವೂ ಅದೇ, ಎಡಕ್ಕೆ ಬಂಡೆಯೂ ಅದೇ.

ಮೊದಲ ನಳಿಗೆ. ಸದ್ದು ಕಲ್ಲುಗೋಡೆಗೆ ಬಡಿದು ವಾಪಸು ಬಂತು. ನಾನು ಹೋಗಿ ನೋಡಿದೆ. ಹಲಗೆಯ ನಡುಮಧ್ಯ. ಎರಡನೆಯ ನಳಿಗೆ. ಅದೂ ಅಲ್ಲೇ, ಪಕ್ಕದಲ್ಲಿ. ಪ್ರತಿ ಸಲ ಸದ್ದಾದಾಗ ನಾವೆಲ್ಲ ಹಲಗೆ ನೋಡುತ್ತಿದ್ದೆವು. ರಮಾಮಣಿಯಮ್ಮ ಬಂಡೆಯನ್ನು ನೋಡುತ್ತಿದ್ದರು, ಈಗ ಕರ್ಚೀಫು ಏಳುತ್ತದೆ ಅನ್ನುವ ಹಾಗೆ. ಅವರ ನೋಟ ಕಂಡು ನಾನೂ ಬಂಡೆ ನೋಡಿದೆ. ಹುಲ್ಲು ಅಲುಗುತ್ತಿತ್ತು. ಗಾಳಿ ಇರಲಿಲ್ಲ.

ಸನಾವುಲ್ಲಾ ಮೂರನೆಯದನ್ನು ಹಾಕಿದ. ಟಕ್. ನಾಣಿಯವರು ತುಂಬಾ ಹೊತ್ತು ಎತ್ತಿ ಹಿಡಿದರು. ಹೊಡೆದರು. ಅದರ ಸದ್ದು ಗೋಡೆಗೆ ಹೋಗಿ ವಾಪಸು ಬರಲಿಲ್ಲ. ನನಗೆ ಕೇಳಿಸಲಿಲ್ಲ ಅಂತಲೇ ಇಟ್ಟುಕೊಳ್ಳಿ.

ಹಲಗೆಯಲ್ಲಿ ಮೂರನೆಯ ತೂತು, ಮೊದಲೆರಡರ ಮಗ್ಗುಲಲ್ಲೇ. ಒಂದು ರೂಪಾಯಿ ನಾಣ್ಯದಲ್ಲಿ ಮೂರೂ ಮುಚ್ಚಿಹೋಗುತ್ತಿದ್ದವು.

“ವಾಹ್ ಸಾಮಿ! ಏನ್ ಕೈ, ಏನ್ ಬಂದೂಕು!” ಸನಾವುಲ್ಲಾ ಕುಣಿದುಬಿಟ್ಟ. “ಮುನಿರಾಜು, ನೋಡ್ದೇನೋ? ಮೂರು ಹೆಂಡ್ತೀರು, ಒಂದೇ ಚಾಪೆ!”

ನಾಣಿಯವರು ಬಂದೂಕನ್ನು ನೆಲಕ್ಕಿಟ್ಟು ಕಲ್ಲಿನ ಮೇಲೆ ಕುಸಿದರು. “ಹಾಗಾದ್ರೆ ನಾನೇ,” ಅಂದರು.

“ಏನು ಸಾಮಿ?”

“ಆವತ್ತು ಕೆ.ಆರ್. ಪುರದ ರೈಲ್ವೆ ಗೇಟ್ ಹತ್ರ ಬಂದೂಕು ಸ್ಕೂಟರಿಂದ ಹಳಿ ಮೇಲೆ ಬಿದ್ದಿತ್ತು. ನಳಿಗೆ ಡೊಂಕಾಗಿರ್ಬೋದು, ಅದಕ್ಕೇ ಗುಂಡು ಎಡಕ್ಕೆ ಹೋಗಿರ್ಬೋದು ಅಂತ ಒಂದು ಆಸೆ ಇತ್ತು. ಅದನ್ನ ನೋಡೋಕೇ ಇದು ಮಾಡಿಸಿದ್ದು. ಅದೇ ಕೈ, ಅದೇ ಕುಂದಾ, ಅದೇ ಕುದುರೆ. ಎರಡು ನೆಟ್ಟಗೆ ಹೋಗಿ ಅದೊಂದು ಎಡಕ್ಕೆ ಹೋದ್ರೆ ತಪ್ಪು ನಳಿಗೇದು. ಅದೂ ನೆಟ್ಟಗೆ ಹೋಯ್ತು. ಕೈಯೂ ಸರಿ, ನಳಿಗೆಯೂ ಸರಿ. ಉಳಿದದ್ದು ಏನು?” ಎದೆ ಮುಟ್ಟಿಕೊಂಡರು. “ಆ ವಾರ ನಾವು ಮಾತು ಬಿಟ್ಟಿದ್ವಿ, ಮಾತಿಲ್ದೇನೇ ಇಲ್ಲಿಗೆ ಬಂದಿದ್ವಿ. ಕೇಳದೆ ನನ್ನ ಸ್ಕೂಟರ್ ತಗೊಂಡ್ ಹೋದ ಅಂತ, ಅಷ್ಟಕ್ಕೇ. ಕುದುರೆ ಎಳೆಯೋಕೆ ಮುಂಚೆ, ಇವನು ಹಾಳಾಗ್ ಹೋಗ್ಲಿ ಅಂತ ಮನಸ್ಸಿಗೆ ಬಂದಿತ್ತು.”

ನನಗೆ ಚಾಚಾನ ಮಾತು ನೆನಪಾಯಿತು.

“ಸಾಮಿ,” ಅಂದೆ, “ಚಾಚಾ ಸಾಯಾ ತೆಗೆದೆ ಅಂದ್ರಲ್ಲ, ನಿಮ್ಗೇನು ಅರ್ಥ ಆಯ್ತು?”

“ಕಿಟ್ಟೂನ ಬಿಡಿಸಿ ಕಳಿಸಿದ್ರು ಅಂತ.”

“ಅಲ್ಲ ಸಾಮಿ. ಸಾಯಾ ಅಂದ್ರೆ ಬರೀ ನೆರಳು. ನಳಿಗೆ ಡೊಂಕಿದ್ರೆ ಒಳಗೆ ನೆರಳಿನ ಗೆರೆ ಡೊಂಕಾಗುತ್ತೆ, ಚಾಚಾ ಅದನ್ನ ತಟ್ಟಿ ನೆಟ್ಟಗೆ ಮಾಡ್ತಾರೆ. ಸಾಯಾ ಇತ್ತು ಅಂದ್ರೆ ಡೊಂಕಿತ್ತು ಅಂತ!”

“ನಾನು ಏನೂ ಮಾಡ್ಬೇಡಿ ಅಂದಿದ್ನಲ್ಲ?”

ಸನಾವುಲ್ಲಾ ತಲೆಯ ಮೇಲೆ ಕೈ ಹೊತ್ತ. “ಏನೂ ಮಾಡ್ಲಿಲ್ಲ ಸಾಮಿ. ಸಾಯಾ ತೆಗೆಯೋದು... ಅದು ಮಾಡೋದು ಅಲ್ವಲ್ಲ. ಯಾವ ನಳಿಗೆ ಬಂದ್ರೂ ತೆಗೀತೀವಿ.”

ಹೊಂಗೆಮರದ ಕೆಳಗಿಂದ ರಮಾಮಣಿಯಮ್ಮ ಎದ್ದು ಬಂದಿದ್ದರು. “ಕೇಳಿದ್ಯೇನೋ ನಾಣಿ? ಡೊಂಕಿತ್ತಂತೆ ಕಣೋ!” ಅಂದರು. “ಆವತ್ತು ನಾನಂದದ್ದನ್ನ ಇಷ್ಟು ವರ್ಷ ಇಟ್ಕೊಂಡಿದ್ದೀಯ, ನಂಗೊತ್ತು. ಪೋಲೀಸ್ನೋರು ನಿನ್ನ ಕರ್ಕೊಂಡ್ ಹೋಗ್ತಾರೆ ಅಂತ ಹೆದರಿ, ಇವನು ಅಜಾಗ್ರತೆ ಮಾಡೋನಲ್ಲ ಅನ್ನೋಕೆ ಹೋದೆ. ಬಾಯಲ್ಲಿ ಹಾಗೆ ಬಂತು.”

ನಾಣಿಯವರು ಅವರ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

“ಯಾವ ಕಡೆಗೆ ಡೊಂಕಿತ್ತು ಮುನಿರಾಜಪ್ಪ?”

ಆ ಪ್ರಶ್ನೆಗೆ ಉತ್ತರ ಒಬ್ಬರಲ್ಲೇ ಇತ್ತು. ಎರಡು ಆಟೋದಲ್ಲಿ ಶಿವಾಜಿನಗರಕ್ಕೆ ಬಂದೆವು. ಖಾದರ್ ಚಾಚಾ ಬನ್ ಅನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಸನಾವುಲ್ಲಾ ಅವರ ಭಾಷೆಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ. ಮುದುಕರು ಲೋಟ ಕೆಳಗಿಟ್ಟು, ನಾಣಿಯವರನ್ನೂ ಅಮ್ಮನವರನ್ನೂ ನೋಡಿ, “ಯಾ ಅಲ್ಲಾ,” ಅಂದರು. ಆಮೇಲೆ ಸ್ವಲ್ಪ ಯೋಚಿಸಿ, “ಬಾಯೇಂ,” ಅಂದರು. ಎಡಕ್ಕೆ.

ರಮಾಮಣಿಯಮ್ಮ ಕಂಬ ಹಿಡಿದುಕೊಂಡರು.

ನಾಣಿಯವರು ಮಾತ್ರ ಹಾಗೇ ನಿಂತಿದ್ದರು. ಜೀವಮಾನವೆಲ್ಲ ಅಳತೆ ನೋಡಿದ ಮನುಷ್ಯ. “ಯಾವ ಬಾಯಿಂದ ನೋಡಿದಾಗ ಎಡ? ಗುಂಡು ಹಾಕೋ ಕಡೆಯಿಂದಲೋ, ಗುಂಡು ಹೋಗೋ ಕಡೆಯಿಂದಲೋ? ಆ ಕಡೆಯಿಂದ ನೋಡಿದ್ರೆ ನಿಮ್ಮ ಎಡ ನನಗೆ ಬಲ ಆಗುತ್ತೆ.”

ಸನಾವುಲ್ಲಾ ಕೇಳಿದ. ಚಾಚಾ ತಮ್ಮ ಕೈಗಳನ್ನು ನೋಡಿಕೊಂಡರು. ಒಂದು ಸುಳ್ಳು ಸಾಕಿತ್ತು. ಸನಾವುಲ್ಲಾ ಕಣ್ಣಿನಲ್ಲೇ ಬೇಡುತ್ತಿದ್ದ. ಆದರೆ ಇನ್ನೊಂದು ಸಲ ಕೇಳಿದ ಮೇಲೆ ಅವರು ಸುಳ್ಳಾಡಲಿಲ್ಲ. ಎರಡು ಕಡೆಯಿಂದಲೂ ನೋಡುತ್ತೇನೆ, ತಿರುಗಿಸುತ್ತ ತಿರುಗಿಸುತ್ತ ತಟ್ಟುತ್ತೇನೆ, ಕೈಗೆ ಗೊತ್ತಿರುತ್ತದೆ, ಸಾಯಾ ಹೋದ ಮೇಲೆ ಕೈಯೂ ಮರೆಯುತ್ತದೆ ಅಂದರು. ಈಗ ಎಡ ಅಂದದ್ದು ಈ ತಾಯಿಯ ಮುಖ ನೋಡಿ ಬಾಯಿಗೆ ಬಂದದ್ದು ಅಂದರು.

“ಸರಿ,” ಅಂದರು ನಾಣಿಯವರು. ಬಂದೂಕನ್ನು ಮೇಜಿನ ಮೇಲಿಟ್ಟು, ತಾವೇ ಹಳೇ ನಳಿಗೆ ಬಿಚ್ಚಿ ಚಾಚಾನ ಮಡಿಲಿಗೆ ಇಟ್ಟರು. “ಹೇಗಿತ್ತೋ ಹಾಗೆ ಮತ್ತೆ ಡೊಂಕು ಮಾಡ್ಕೊಡಿ.”

ಚಾಚಾಗೆ ಯಾರೂ ತರ್ಜುಮೆ ಮಾಡಬೇಕಾಗಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. “ನಕ್ಕೋ ಸಾಬ್,” ಅಂದರು. “ಗಯಾ ಸೋ ಸಾಯಾ ವಾಪಸ್ ನೈ ಆತಾ.” ಬೇಡ, ಹೋದ ನೆರಳು ಮತ್ತೆ ಬಾರದು. ಬೇರೆ ಡೊಂಕು ಮಾಡಬಹುದು, ಅದೇ ಡೊಂಕು ಆಗದು.

“ಸಾಮಿ, ನಾನು ಮರದೋನು,” ಅಂದೆ ನಾನು. “ನಿಮ್ ಮೈ ಅಳತೆ ತೆಗೆದಿದ್ದೀನಿ. ಎಡಕ್ಕೆ ವಾಲೋ ಮೈ ಅಲ್ಲ ಅದು.”

“ನಾನು ವಾಲಿದ್ದು ಮೈಯಲ್ಲಿ ಅಂತ ಯಾರಂದ್ರು ಮುನಿರಾಜಪ್ಪ?” ಅಂದರು. ಸಿಟ್ಟಿನಿಂದಲ್ಲ. ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ.

ಅಮ್ಮನವರು ಅವರ ರಟ್ಟೆ ಹಿಡಿದು, “ಮನೆಗೆ ನಡಿ ನಾಣಿ, ಊಟ ಮಾಡೋಣ,” ಅಂದರು. ಹೋದರು. ಬಂದೂಕು ನಮ್ಮಲ್ಲೇ ಉಳಿಯಿತು, ಮೈ ಒಂದು ಕಡೆ, ನಳಿಗೆಗಳು ಒಂದು ಕಡೆ.

ಬುಧವಾರ ಅಮ್ಮನವರೊಬ್ಬರೇ ಅಂಗಡಿಗೆ ಬಂದರು. ನಾಣಿ ಇಲ್ಲಿಗೆ ಬಂದಿದ್ನಾ ಅಂತ ಕೇಳಿದರು. ಇಲ್ಲ ಅಂದೆವು. ಕಾರ್ಖಾನೆಗೂ ಹೋಗಿಲ್ಲವಂತೆ. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಮೂಟೆ ಹೊರುವ ಮಂಜೂರ್‌ಗೆ ನಾಣಿಯವರ ಗುರುತಿತ್ತು, ನಮ್ಮ ಬೀದಿಯವನೇ. ಅವನನ್ನು ಕೇಳಿದೆವು. ಹಿಂದಿನ ಸಂಜೆ ಮದ್ರಾಸು ಗಾಡಿ ಹತ್ತಿದರು, ಕೈಯಲ್ಲಿ ಚೀಲವೂ ಇರಲಿಲ್ಲ, ಕಣ್ಣು ಮುಚ್ಚಿ ಕಿಟಕಿಗೆ ಒರಗಿ ಕೂತಿದ್ದರು, ನಿದ್ದೆ ಅಂದುಕೊಂಡೆ ಅಂದ. ಆಮೇಲೆ ಅವರನ್ನು ನೋಡಿದೆ ಅಂದವರು ಯಾರೂ ಇಲ್ಲ. ಅವರ ಕಡೆಯವರು ಮಂಗಳವಾರ ಮನೆಬಿಟ್ಟು ಹೊರಡುವುದಿಲ್ಲ, ಹೊರಟರೆ ಮರಳುವುದಿಲ್ಲ ಅನ್ನುತ್ತಾರೆ. ನಾಣಿಯವರು ಹೋದದ್ದು ಮಂಗಳವಾರ.